ತೋಟ ಕಾಯುವ ಕೋವಿಯನ್ನು ಆರಿಸುವಾಗ ಒದೆತದ ಲೆಕ್ಕ

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯ ಕಡೆಗಳಲ್ಲಿ ಅಡಿಕೆ ಸಸಿ, ಬಾಳೆ, ಮರಗೆಣಸುಗಳನ್ನು ಕಾಡುಹಂದಿಯಿಂದ ಉಳಿಸಿಕೊಳ್ಳಲು ಪರವಾನಗಿಯ ಕೋವಿ ಕೊಳ್ಳುವವರು ಬೆಲೆಯನ್ನು ಕೇಳುತ್ತಾರೆ, ಎಷ್ಟು ದೂರ ಹೊಡೆಯುತ್ತದೆ ಎಂದು ಕೇಳುತ್ತಾರೆ. ಹಾರಿಸಿದಾಗ ಭುಜಕ್ಕೆ ಎಷ್ಟು ಒದೆಯುತ್ತದೆ ಎಂದು ವಿಚಾರಿಸುವವರು ವಿರಳ. ಒದೆತಕ್ಕೆ ಹೆದರಿದವನು ಕೋವಿಯ ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚಿ ಭುಜವನ್ನು ಮುಂದಕ್ಕೆ ನೂಕುತ್ತಾನೆ. ಆಗ ಗುರಿ ತಪ್ಪುತ್ತದೆ, ಇಲ್ಲವೇ ಹಂದಿ ಗಾಯಗೊಂಡು ಪೊದೆ ಸೇರುತ್ತದೆ. ಮರುದಿನ ಸೊಪ್ಪಿಗೆ ಹೋದವರಿಗೆ ಅದರಿಂದ ಅಪಾಯ ತಪ್ಪಿದ್ದಲ್ಲ.

ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿಸುವ ಅಧಿಕಾರವನ್ನು ಕೇರಳವು 2022ರಲ್ಲಿ ಸ್ಥಳೀಯಾಡಳಿತಗಳ ಅಧ್ಯಕ್ಷರಿಗೂ ಕೊಟ್ಟಿತು. ಆ ಅನುಮತಿಯಿಲ್ಲದೆ ಕೋವಿಗೆ ತೋಟೆ (ಕಾರ್ಟ್ರಿಜ್) ತುಂಬಲೇಬಾರದು.

ಗುಂಡೂ ಮದ್ದಿನ ಅನಿಲವೂ ಮುಂದಕ್ಕೆ ಚಿಮ್ಮುವ ರಭಸಕ್ಕೆ ಪ್ರತಿಯಾಗಿ ಕೋವಿ ಹಿಂದಕ್ಕೆ ಬರುತ್ತದೆ. ಒಂದೇ ತೋಟೆಯನ್ನು 3 ಕಿಲೋ ತೂಕದ ಕೋವಿಯ ಬದಲು ಮೂರೂವರೆ ಕಿಲೋದ ಕೋವಿಯಲ್ಲಿ ಹಾರಿಸಿದರೆ ಒದೆತದ ಶಕ್ತಿ ಸುಮಾರು ಏಳನೇ ಒಂದು ಪಾಲು ತಗ್ಗುತ್ತದೆ. ಕೋವಿ ಹೊತ್ತು ಮೈಲುಗಟ್ಟಲೆ ನಡೆಯುವ ಕೆಲಸ ನಮ್ಮದಲ್ಲ, ತೋಟದ ಅಂಚಿನಲ್ಲಿ ಕಾದು ಕೂರುವುದು. ಆದ್ದರಿಂದ ಅಂಗಡಿಯಲ್ಲಿ ಕೈಗೆ ಹಗುರವೆನಿಸಿದ ಒಂಟಿ ನಳಿಗೆಯ ಹನ್ನೆರಡು ಬೋರಿನ (ನಳಿಗೆಯ ಒಂದು ಅಳತೆ) ಕೋವಿಗೆ ಮರುಳಾಗದೆ, ತುಸು ಭಾರದ ಜೋಡು ನಳಿಗೆಯನ್ನೇ ಆರಿಸುವುದು ಲೇಸೆಂದು ನನ್ನ ಅಭಿಪ್ರಾಯ. ಪಾಯಿಂಟ್ 315 ರೈಫಲಿನ ಒದೆತ, ಭಾರಿ ತೋಟೆ ತುಂಬಿದ ಹಗುರ ಹನ್ನೆರಡು ಬೋರಿಗಿಂತ ಎಷ್ಟೋ ವೇಳೆ ಕಡಿಮೆಯೇ. ಆದರೆ ಅದರ ಗುಂಡು ಬಹುದೂರ ಸಾಗುವುದರಿಂದ, ತೋಟದ ನಡುನಡುವೆ ಮನೆಗಳಿರುವ ನಮ್ಮ ಊರುಗಳಿಗೆ ಅದು ಸಲ್ಲದು.

ಹಿರಿಯರಿಂದ ಬಂದ ಕೋವಿಯಾದರೆ ನಳಿಗೆ ಕಳಚಿ, ಅದರ ಬುಡದ ತಳಭಾಗದಲ್ಲಿ ಕೊರೆದಿರುವ, ತೋಟೆ ಕೂರುವ ಕೋಣೆಯ ಉದ್ದದ ಅಳತೆಯನ್ನು ಓದಬೇಕು. 65 ಮಿಲಿಮೀಟರಿನ ಕೋಣೆಗೆ 70ರ ತೋಟೆ ಸಲೀಸಾಗಿ ಒಳಹೋಗುತ್ತದೆ, ಆದರೆ ಸಿಡಿದಾಗ ತೋಟೆಯ ಬಾಯಿಯ ಮಡಿಕೆ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿರುವುದಿಲ್ಲ. ಒತ್ತಡವೂ ಒದೆತವೂ ಏರುತ್ತವೆ, ಹಳೆಯ ನಳಿಗೆ ಒಡೆಯಲೂಬಹುದು. ಅಳತೆ ಕಾಣದಿದ್ದರೆ ಪರವಾನಗಿ ಪಡೆದ ಕೋವಿ ರಿಪೇರಿಯವರಿಗೆ ತೋರಿಸದೆ ಹಾರಿಸಬಾರದು.

ಭುಜಕ್ಕೆ ಆನಿಸುವ ಬುಡದ ಹಿಡಿ ಗಿಡ್ಡವಾಗಿದ್ದರೆ ಬಲಗೈಯ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ, ಉದ್ದವಾಗಿದ್ದರೆ ಏಟು ಭುಜದ ಬದಲು ತೋಳಿಗೆ ಬೀಳುತ್ತದೆ. ಖಾಲಿ ಕೋವಿಯನ್ನು ಕಣ್ಣು ಮುಚ್ಚಿಕೊಂಡು ಭುಜಕ್ಕೇರಿಸಿ, ಕಣ್ಣು ತೆರೆದಾಗ ನೋಟ ನಳಿಗೆಯ ಮೇಲೆ ನೇರವಾಗಿದ್ದರೆ ಅಳತೆ ಒಗ್ಗಿದೆ ಎಂದರ್ಥ. ರಬ್ಬರ್ ಪ್ಯಾಡ್ ಹಾಕಿಸುವಾಗ ಉದ್ದ ಹೆಚ್ಚುವುದರಿಂದ ಅಷ್ಟು ಮರವನ್ನು ಕತ್ತರಿಸಬೇಕಾದೀತು. ರಾತ್ರಿ ಬರಿಯ ಬನಿಯನ್ನಿನಲ್ಲಿ ಕಾಯುವವರಿಗೆ ಈ ಪ್ಯಾಡ್ ಬೇಕೇ ಬೇಕು. ಮರಕ್ಕೆ ಬೆನ್ನು ಒತ್ತಿ ಕುಳಿತು ಹೊಡೆಯಬಾರದು, ಮೈ ಹಿಂದಕ್ಕೆ ಸರಿಯಲು ಎಡೆಯಿಲ್ಲದೆ ಏಟೆಲ್ಲ ಭುಜದಲ್ಲೇ ನಿಲ್ಲುತ್ತದೆ.

ಕೊಳ್ಳುವ ಮೊದಲು ಸಾಧ್ಯವಾದರೆ ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ಅದೇ ತೂಕದ ಕೋವಿಯನ್ನು ಹಾರಿಸಿ ನೋಡಬೇಕು. ಜೊತೆಯಲ್ಲಿರುವವರು ನಿಮಗೆ ತಿಳಿಯದಂತೆ ನಡುವೆ ಒಂದು ಡಮ್ಮಿ (ಸಿಡಿಯದ) ತೋಟೆ ತುಂಬಲಿ: ಕುದುರೆ ಎಳೆದಾಗ ಸದ್ದಿಲ್ಲದೆಯೂ ನಳಿಗೆಯ ಮೂತಿ ಕೆಳಕ್ಕೆ ಬಾಗಿದರೆ ನೀವು ಒದೆತಕ್ಕೆ ಬೆಚ್ಚುತ್ತಿದ್ದೀರಿ. ಆಗ ಹಗುರ ತೋಟೆಯಿಂದ ಅಭ್ಯಾಸ ಶುರುಮಾಡಿ, ಕಿವಿಗೆ ರಕ್ಷಣೆ ಹಾಕಿಕೊಂಡೇ ಹಾರಿಸಬೇಕು, ಏಕೆಂದರೆ ನಾವು ಭುಜದ ನೋವಿನ ಹೆದರಿಕೆ ಎಂದುಕೊಳ್ಳುವುದರಲ್ಲಿ ಸದ್ದಿನ ಪಾಲೂ ದೊಡ್ಡದಿದೆ.