ನೀರ್ ದೋಸೆ ಕಾಣೆಯಾಗದಂತೆ ವೆಬ್ ವಿಳಾಸ ಬರೆಯುವುದು ಹೇಗೆ?

ಕಳೆದ ವರ್ಷ ನಮ್ಮೂರಿನ ದೈವಸ್ಥಾನದ ಬ್ರಹ್ಮಕಲಶಕ್ಕೆ ಎರಡು ಸಾವಿರ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಮೂಲೆಯಲ್ಲಿ ಚಂದದ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಕಾರ್ಯಕ್ರಮದ ಪೂರ್ತಿ ಪಟ್ಟಿ ತೆರೆಯಬೇಕಿತ್ತು. ತೆರೆದದ್ದು ‘ಪುಟ ಸಿಗಲಿಲ್ಲ’ ಎಂಬ ಬಿಳಿ ಪರದೆ. ಸಮಿತಿಯ ಒಬ್ಬರು ನೆಟ್‌ವರ್ಕ್ ಇಲ್ಲ ಅಂದರು. ಇನ್ನೊಬ್ಬರು ‘ನಿಮ್ಮ ಫೋನು ಹಳತು ಮಾರಾಯ್ರೆ’ ಅಂದರು. ನಾನು ಫೈಲಿನ ಹೆಸರು ನೋಡಿದೆ. ‘ಆಮಂತ್ರಣ#2.ಪಿಡಿಎಫ್’ ಅಂತ ಇತ್ತು. ತಪ್ಪು ಆ ಹ್ಯಾಶ್ ಗುರುತಿನದ್ದು.

ಉಡುಪಿ, ಮಂಗಳೂರಿನ ಸಣ್ಣ ಅಂಗಡಿ, ಹೋಟೆಲು, ಯಕ್ಷಗಾನ ಸಂಘಗಳಿಗೆ ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆ. ‘ಲಿಂಕ್ ಓಪನ್ ಆಗ್ತಿಲ್ಲ’ ಎಂಬ ಫೋನು ಬಂದರೆ ಹತ್ತರಲ್ಲಿ ಎಂಟು ಸಲ ಕಾರಣ ಇಂಥದ್ದೇ. ಆದ್ದರಿಂದ ಈ ಲೇಖನ. ಉದಾಹರಣೆಯ ವಿಳಾಸಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಶೇಕಡಾ ಗುರುತಿನ ಜೊತೆ ಬಿ, ಸಿ, ಇ ಎಂದೆಲ್ಲ ಕಂಡರೆ ಅವು ಇಂಗ್ಲಿಷಿನ ಅಕ್ಷರಗಳು ಅಂತ ತಿಳಿಯಿರಿ.

1. ವಿಳಾಸವನ್ನು ತುಂಡು ಮಾಡಿ ನೋಡಿ

ಈ ವಿಳಾಸ ನೋಡಿ:

ಉದಾಹರಣೆ.ಇನ್/ಹುಡುಕು?ತಿಂಡಿ=ದೋಸೆ&ಊರು=ಉಡುಪಿ#ಬೆಲೆ

ಮೊದಲನೆಯದು ಸೈಟಿನ ಹೆಸರು. ಓರೆ ಗೆರೆಯ ನಂತರ ಪುಟದ ದಾರಿ. ಪ್ರಶ್ನೆ ಗುರುತಿನ ನಂತರ ನೀವು ಕೇಳುವ ವಿವರಗಳು. ಒಂದು ವಿವರಕ್ಕೂ ಇನ್ನೊಂದಕ್ಕೂ ನಡುವಿನ ಬೇಲಿ ‘&’. ಕೊನೆಗೆ ಹ್ಯಾಶ್. ಅದು ಪುಟದೊಳಗೆ ಎಲ್ಲಿಗೆ ಹೋಗಬೇಕು ಅಂತ ಬ್ರೌಸರಿಗೆ ಹೇಳುವ ಗುರುತು.

ಹ್ಯಾಶಿನ ನಂತರದ್ದನ್ನು ಬ್ರೌಸರ್ ಸರ್ವರಿಗೆ, ಎಂದರೆ ಸೈಟನ್ನು ಇಟ್ಟುಕೊಂಡ ಕಂಪ್ಯೂಟರಿಗೆ, ಕಳಿಸುವುದೇ ಇಲ್ಲ. ನಮ್ಮ ಪತ್ರಿಕೆಯಲ್ಲಿ ಆದದ್ದು ಅದೇ. ಸರ್ವರಿಗೆ ಕೇಳಿಸಿದ್ದು ಬರೀ ‘ಆಮಂತ್ರಣ’. ಅಚ್ಚಾದದ್ದನ್ನು ಅಳಿಸಲಾಗದು. ಹಾಗಾಗಿ ‘ಆಮಂತ್ರಣ’ ಎಂಬ ಮೊಂಡು ವಿಳಾಸಕ್ಕೆ ಬಂದವರನ್ನೆಲ್ಲ ಸರಿಯಾದ ಫೈಲಿಗೆ ದಾಟಿಸುವಂತೆ ಸರ್ವರಿನಲ್ಲಿ ಒಂದು ಸಾಲು ಬರೆದೆ. ಪತ್ರಿಕೆ ಉಳಿಯಿತು. ನಿಮಗೂ ಹೀಗಾದರೆ ಮರುಮುದ್ರಣಕ್ಕೆ ಓಡಬೇಡಿ, ಮೊದಲು ಇದನ್ನು ಮಾಡಿ.

2. ಹೆಸರಿಡುವಾಗಲೇ ಹುಷಾರಾಗಿರಿ

ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಚುಕ್ಕಿ, ಅಂಡರ್‌ಸ್ಕೋರ್, ಟಿಲ್ಡೆ (~). ಯಾವ ಕಾಟವೂ ಇಲ್ಲದೆ ವಿಳಾಸದಲ್ಲಿ ಎಲ್ಲಿ ಬೇಕಾದರೂ ಕೂರುವವು ಇಷ್ಟೇ. ಈಗ ಚಾಲ್ತಿಯಲ್ಲಿರುವ ನಿಯಮ ಇಂಟರ್ನೆಟ್ಟಿನ ಮಾನದಂಡ ಪತ್ರವಾದ 2005ರ ಆರ್‌ಎಫ್‌ಸಿ 3986. ವೆಬ್ಬನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಅದನ್ನು ಬರೆದವರಲ್ಲಿ ಒಬ್ಬರು.

ಫೈಲಿನ ಹೆಸರಿಗೆ ಇವನ್ನು ಬಿಟ್ಟು ಬೇರೇನೂ ಬೇಡ. ಅಂಡರ್‌ಸ್ಕೋರ್ ಕೂಡ ಬೇಡ ಅಂತಲೇ ನನ್ನ ಹಟ. ಲಿಂಕಿನ ಕೆಳಗೆ ಗೆರೆ ಬಿದ್ದರೆ ಅದು ಮುಚ್ಚಿಹೋಗುತ್ತದೆ, ಜನ ಖಾಲಿ ಜಾಗ ಅಂದುಕೊಳ್ಳುತ್ತಾರೆ. ಹೈಫನ್ ಹಾಕಿ. ದೊಡ್ಡಕ್ಷರವೂ ಬೇಡ. ಸೈಟಿನ ಹೆಸರಿನಲ್ಲಿ ದೊಡ್ಡದು ಚಿಕ್ಕದು ಎರಡೂ ಒಂದೇ. ಪುಟದ ದಾರಿಯಲ್ಲಿ ಹಾಗಲ್ಲ, ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ. ನಿಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದದ್ದು ಸೈಟಿಗೆ ಏರಿಸಿದ ಮೇಲೆ ತೆರೆಯದಿರಲು ಎಷ್ಟೋ ಸಲ ಇದೇ ಕಾರಣ.

3. ತುಂಡನ್ನು ಮಾತ್ರ ಎನ್‌ಕೋಡ್ ಮಾಡಿ, ಒಂದೇ ಸಲ ಮಾಡಿ

ಎಲ್ಲರೂ ಎಡವುವ ಜಾಗ ಇದು. ಸ್ವಲ್ಪ ನಿಧಾನವಾಗಿ ಓದಿ.

ಒಂದು ಹೋಟೆಲಿನವರು ತಮ್ಮ ಮೆನುವಿಗೆ ಲಿಂಕ್ ಮಾಡಿದ್ದರು:

ಉದಾಹರಣೆ.ಇನ್/ಹುಡುಕು?ತಿಂಡಿ=ಕೋರಿ ರೊಟ್ಟಿ & ನೀರ್ ದೋಸೆ&ಊರು=ಉಡುಪಿ

ಪುಟ ತೆರೆಯಿತು. ಕೋರಿ ರೊಟ್ಟಿ ಬಂತು, ನೀರ್ ದೋಸೆ ಇಲ್ಲ! ನಮಗೆ ‘&’ ಅಂದರೆ ‘ಮತ್ತು’. ಸರ್ವರಿಗೆ ಅದು ಬೇಲಿ. ಬೇಲಿಯ ಆಚೆ ಬಿದ್ದ ‘ನೀರ್ ದೋಸೆ’ ಯಾರಿಗೂ ಬೇಡದ ಬೇರೆಯೇ ವಿವರ ಆಯಿತು.

ಇದಕ್ಕೆ ಇರುವ ಮದ್ದು ಎನ್‌ಕೋಡಿಂಗ್. ತೊಂದರೆ ಕೊಡುವ ಗುರುತಿನ ಬದಲು ಶೇಕಡಾ ಗುರುತು ಹಾಕಿ, ಮುಂದೆ ಆ ಗುರುತಿನ ಸಂಖ್ಯೆಯನ್ನು ಬರೆಯುವುದು. ಖಾಲಿ ಜಾಗಕ್ಕೆ %20, ‘&’ಗೆ %26, ಹ್ಯಾಶಿಗೆ %23, ಕೂಡುವ ಗುರುತಿಗೆ %2ಬಿ, ಪ್ರಶ್ನೆ ಗುರುತಿಗೆ %3ಎಫ್. ಈ ಐದನ್ನು ನೆನಪಿಟ್ಟರೆ ದಿನದ ಕೆಲಸ ನಡೆಯುತ್ತದೆ. ಸರಿಯಾದ ಲಿಂಕ್ ಹೀಗಿರಬೇಕಿತ್ತು:

ಉದಾಹರಣೆ.ಇನ್/ಹುಡುಕು?ತಿಂಡಿ=ಕೋರಿ%20ರೊಟ್ಟಿ%20%26%20ನೀರ್%20ದೋಸೆ&ಊರು=ಉಡುಪಿ

ಎರಡು ‘&’ ಏನಾದವು ನೋಡಿ. ತಿಂಡಿಯ ಹೆಸರಿನೊಳಗಿನದ್ದು %26 ಆಯಿತು. ಊರಿನ ಹಿಂದಿನದ್ದು ಬೇಲಿಯಾಗಿಯೇ ಉಳಿಯಿತು. ಯಾವುದು ಮಾತು, ಯಾವುದು ಬೇಲಿ ಅಂತ ನಿಮಗೆ ಮಾತ್ರ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಆದ್ದರಿಂದ ಇಡೀ ವಿಳಾಸವನ್ನು ಒಟ್ಟಿಗೆ ಎನ್‌ಕೋಡ್ ಮಾಡಲು ಕೊಡಬೇಡಿ. ಕೊಟ್ಟರೆ ಬೇಲಿಯೂ ಹೋಗುತ್ತದೆ, ಓರೆ ಗೆರೆಯೂ ಹೋಗುತ್ತದೆ. ಮೊದಲು ತುಂಡುಗಳನ್ನು ಬೇರೆ ಬೇರೆ ಎನ್‌ಕೋಡ್ ಮಾಡಿ, ಆಮೇಲೆ ಜೋಡಿಸಿ. ಜೋಡಿಸಿದ ಮೇಲೆ ಮುಟ್ಟಬೇಡಿ.

ಮುಟ್ಟಿದರೆ ಏನಾಗುತ್ತದೆ? ಶೇಕಡಾ ಗುರುತಿಗೂ ಒಂದು ಸಂಖ್ಯೆ ಉಂಟು, %25. ಎನ್‌ಕೋಡ್ ಆದದ್ದನ್ನು ಮತ್ತೆ ಎನ್‌ಕೋಡ್ ಮಾಡಿದರೆ %20 ಹೋಗಿ %2520 ಆಗುತ್ತದೆ. ಪುಟದಲ್ಲಿ ‘ನೀರ್%20ದೋಸೆ’ ಅಂತ ವಿಕಾರವಾಗಿ ಕಾಣುತ್ತದೆ. ಮೂರನೇ ಸಲ ಮಾಡಿದರೆ %252520. ಎಷ್ಟು 25 ಜಾಸ್ತಿ ಇದೆಯೋ ಅಷ್ಟು ಸಲ ಹೆಚ್ಚಿಗೆ ಕೈಯಾಡಿಸಿದ್ದೀರಿ ಅಂತ ಲೆಕ್ಕ. ಹೆಚ್ಚಾಗಿ ಹೀಗಾಗುವುದು ಇಬ್ಬರು ಸೇರಿ ಕೆಲಸ ಮಾಡಿದಾಗ. ಒಬ್ಬರು ಎನ್‌ಕೋಡ್ ಮಾಡಿ ಕಳಿಸುತ್ತಾರೆ, ಇನ್ನೊಬ್ಬರು ‘ಇರಲಿ’ ಅಂತ ಮತ್ತೊಮ್ಮೆ ಮಾಡುತ್ತಾರೆ.

ಕೂಡುವ ಗುರುತಿನದ್ದು ಇನ್ನೊಂದು ತಲೆನೋವು. ಪ್ರಶ್ನೆ ಗುರುತಿನ ಬಲಗಡೆ, ಫಾರ್ಮುಗಳ ಹಳೇ ಪದ್ಧತಿಯಂತೆ, ‘+’ ಅಂದರೆ ಖಾಲಿ ಜಾಗ. ಎಡಗಡೆ ಅದು ಬರೀ ‘+’. ‘ಫೋನ್=+91...’ ಅಂತ ಬರೆದರೆ ಸರ್ವರಿಗೆ ಸಿಗುವುದು ಒಂದು ಖಾಲಿ ಜಾಗ, ಆಮೇಲೆ 91. ಅಲ್ಲಿ %2ಬಿ ಹಾಕಿ. ಖಾಲಿ ಜಾಗಕ್ಕೆ ಎಲ್ಲ ಕಡೆಯೂ %20 ಬಳಸಿ. ‘+’ ಚಿಕ್ಕದು, ಚಂದ ಅಂತ ಹೇಳುವವರ ಮಾತು ಕೇಳಬೇಡಿ.

ಯಾವುದರಲ್ಲಿ ಮಾಡುವುದು? ಕೋಡ್ ಬರೆಯುವವರು ಜಾವಾಸ್ಕ್ರಿಪ್ಟಿನಲ್ಲಿ ‘ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್’ ಬಳಸಿ. ಬಾಲವಿಲ್ಲದ ‘ಎನ್‌ಕೋಡ್‌ಯುಆರ್‌ಐ’ ತುಂಡುಗಳಿಗೆ ಆಗದು. ಅದು ‘&’ ಮತ್ತು ಹ್ಯಾಶನ್ನು ಹಾಗೇ ಬಿಟ್ಟುಬಿಡುತ್ತದೆ. ಪಿಎಚ್‌ಪಿಯಲ್ಲಿ ‘ಯುಆರ್‌ಎಲ್‌ಎನ್‌ಕೋಡ್’ ಎರಡು ಉಂಟು, ಹೆಸರಿನ ಮುಂದೆ ‘ರಾ’ ಇರುವುದನ್ನೇ ಬಳಸಿ. ಇನ್ನೊಂದು ಖಾಲಿ ಜಾಗಕ್ಕೆ ‘+’ ಹಾಕುತ್ತದೆ. ಕೋಡ್ ಗೊತ್ತಿಲ್ಲದವರಿಗೆ ಗೂಗಲ್ ಶೀಟ್ಸ್ ಸಾಕು. ಒಂದು ಕಾಲಮ್ಮಿನಲ್ಲಿ ತಿಂಡಿಗಳ ಹೆಸರು ಬರೆದು, ಪಕ್ಕದಲ್ಲಿ ‘ಎನ್‌ಕೋಡ್‌ಯುಆರ್‌ಎಲ್’ ಫಾರ್ಮುಲಾ ಹಾಕಿ ಕೆಳಗೆ ಎಳೆಯಿರಿ. ನೂರು ಲಿಂಕ್ ನಿಮಿಷದಲ್ಲಿ ಆಗುತ್ತದೆ. ಜಾಹೀರಾತು ತುಂಬಿದ ‘ಫ್ರೀ ಎನ್‌ಕೋಡರ್’ ಸೈಟುಗಳನ್ನು ಸುಮ್ನೆ ಬಿಟ್ಟುಬಿಡಿ. ಅವು ‘+’ ಕೊಡುತ್ತವೋ %20 ಕೊಡುತ್ತವೋ ಅಂಟಿಸಿದ ಮೇಲೆಯೇ ಗೊತ್ತಾಗುವುದು.

ಇದೇ ಪಾಠ ವಾಟ್ಸ್‌ಆ್ಯಪ್ ಲಿಂಕಿಗೂ. ಮೊದಲೇ ಬರೆದಿಟ್ಟ ಸಂದೇಶದೊಂದಿಗೆ ಚಾಟ್ ತೆರೆಯುವ ಲಿಂಕ್ ಇರುತ್ತದಲ್ಲ, ಅದರಲ್ಲಿ ನಂಬರನ್ನು 91ರಿಂದ ಶುರು ಮಾಡಿ. ‘+’ ಬೇಡ, ನಡುವೆ ಹೈಫನ್ ಬೇಡ. ಸಂದೇಶವನ್ನು ಮಾತ್ರ ಎನ್‌ಕೋಡ್ ಮಾಡಿ. ಹೊಸ ಸಾಲಿಗೆ %0ಎ. ಯುಪಿಐ ಕ್ಯೂಆರ್ ಒಳಗಿರುವುದೂ ಇಂಥದ್ದೇ ಒಂದು ವಿಳಾಸ. ದೇಣಿಗೆಯ ಟಿಪ್ಪಣಿಯಲ್ಲಿ ‘ಅನ್ನದಾನ & ಹೂವಿನ ಪೂಜೆ’ ಅಂತ ಹಾಗೇ ಹಾಕಿದರೆ ಹೂವಿನ ಪೂಜೆ ಬೇಲಿಯಾಚೆ ಬೀಳುತ್ತದೆ. ಅಲ್ಲಿ ‘ಮತ್ತು’ ಅಂತ ಬರೆದರೆ ಗಂಟೇನು ಹೋಗುತ್ತದೆ ಹೇಳಿ!

4. ಕನ್ನಡ ಇದ್ದರೆ ಮೊದಲು ಅಕ್ಷರ ತೊಳೆಯಿರಿ

ವಿಳಾಸದಲ್ಲಿ ಕನ್ನಡ ಹಾಕಬಹುದು. ಪುಟದ ವಿಳಾಸದಲ್ಲಿ ಹಾಕಲೇಬೇಕು ಅನ್ನುವವನು ನಾನು. ಬ್ರೌಸರ್ ಅದನ್ನು ತಾನೇ ಎನ್‌ಕೋಡ್ ಮಾಡಿಕೊಳ್ಳುತ್ತದೆ. ಆದರೆ ಬಾಲ ಉದ್ದ. ಇದಕ್ಕೆಲ್ಲ ಆಧಾರವಾದ, ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯನ್ನು ಕೆನ್ ಥಾಮ್ಸನ್ 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ಜೊತೆಗಾರ ರಾಬ್ ಪೈಕ್ ಎದುರಲ್ಲೇ, ತಟ್ಟೆಯ ಅಡಿಗೆ ಹಾಸುವ ಕಾಗದದ ಮೇಲೆ ಗೀಚಿದ್ದು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಮೂರು ಬೈಟ್. ಒಂದು ಬೈಟ್ ವಿಳಾಸದಲ್ಲಿ ಮೂರು ಅಕ್ಷರವಾಗುತ್ತದೆ. ‘ಉಡುಪಿ’ಯಲ್ಲಿ ಸ್ವರಚಿಹ್ನೆ ಸೇರಿ ಐದು ಸಂಕೇತ. ಎನ್‌ಕೋಡ್ ಆದಾಗ 45 ಅಕ್ಷರ. ‘ಮಂಗಳೂರು’ 63. ವಿಕಿಪೀಡಿಯದ ಕನ್ನಡ ಪುಟದ ಲಿಂಕನ್ನು ವಾಟ್ಸ್‌ಆ್ಯಪಿಗೆ ಹಾಕಿದಾಗ ಶೇಕಡಾ ಗುರುತುಗಳ ಸರಮಾಲೆ ಬರುವುದು ಇದಕ್ಕೇ. ಅದು ವೈರಸ್ ಅಲ್ಲ, ಹೆದರಬೇಡಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ವಿಳಾಸದ ಮೊದಲ ಅಕ್ಷರ ಬಿಟ್ಟು ಉಳಿದದ್ದನ್ನು ಕಾಪಿ ಮಾಡಿ, ಅಂಟಿಸುವಾಗ ಆ ಅಕ್ಷರ ನೀವೇ ಸೇರಿಸಿ. ಕನ್ನಡ ಕನ್ನಡವಾಗಿಯೇ ಬರುತ್ತದೆ.

ನಿಜವಾದ ಕಷ್ಟ ಕಣ್ಣಿಗೆ ಕಾಣದ ತಪ್ಪುಗಳದ್ದು. ‘ಮಂಗಳೂರು’ ಮತ್ತು ‘ಮ೦ಗಳೂರು’. ವ್ಯತ್ಯಾಸ ಕಾಣಿಸಿತೇ? ಎರಡನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಅನುಸ್ವಾರವನ್ನು ಸೊನ್ನೆ ಅಂತಲೇ ಕರೆಯುವ ನಾವು ಟೈಪ್ ಮಾಡುವಾಗಲೂ ಅದನ್ನೇ ಒತ್ತಿಬಿಡುತ್ತೇವೆ. ಓದುವವರಿಗೆ ತೊಂದರೆಯಿಲ್ಲ. ವಿಳಾಸದಲ್ಲಿ ಮಾತ್ರ ಮೊದಲನೆಯದು %ಇ0%ಬಿ2%82, ಎರಡನೆಯದು %ಇ0%ಬಿ3%ಎ6. ಸರ್ವರಿಗೆ ಇವು ಎರಡು ಬೇರೆ ಊರು.

ಇನ್ನೊಂದು, ಅರ್ಧಾಕ್ಷರದ ಪಕ್ಕ ಕೂರುವ ಕಾಣದ ಸಂಕೇತ. ‘ಮಲ್ಪೆ ಬೀಚ್‌ಗೆ’ ಅಂತ ಬರೆಯುವಾಗ ‘ಚ್’ ಮತ್ತು ‘ಗೆ’ ಅಂಟಿಕೊಳ್ಳದಂತೆ ಕೀಲಿಮಣೆ ಅದನ್ನು ನಡುವೆ ಇಡುತ್ತದೆ. ಅಲ್ಲಿಂದ ‘ಬೀಚ್’ ಅಷ್ಟನ್ನೇ ಕಾಪಿ ಮಾಡಿದರೆ ಅದೂ ಬಾಲದಲ್ಲಿ ಬರಬಹುದು. ಲಿಂಕಿನ ಕೊನೆಯಲ್ಲಿ %ಇ2%80%8ಸಿ ಕಂಡರೆ ಕಳ್ಳ ಸಿಕ್ಕಿದ ಅಂತ ಅರ್ಥ. ಅಳಿಸಿ.

ಮೂರನೆಯದು ಹಳೇ ಫಾಂಟುಗಳಿಂದ ಬಂದ ರೋಗ. ‘ಕೋರಿ’ಯ ‘ಕೋ’ದಲ್ಲಿರುವ ಸ್ವರಚಿಹ್ನೆ ಯುನಿಕೋಡಿನಲ್ಲಿ ಒಂದೇ ಸಂಕೇತ. ಹಳೇ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಕೆಲವು ಕಳಪೆ ತಂತ್ರಾಂಶಗಳು ಅದನ್ನು ‘ಕೊ’ ಮಾಡಿ, ದೀರ್ಘದ ಕೊಂಬನ್ನು ಬೇರೆಯಾಗಿ ಅಂಟಿಸುತ್ತವೆ. ನೋಡಲು ಒಂದೇ, ಬೈಟುಗಳು ಬೇರೆ. ಕೋಡ್ ಬರೆಯುವವರು ಎನ್‌ಕೋಡ್ ಮಾಡುವ ಮೊದಲು ‘ಎನ್‌ಎಫ್‌ಸಿ’ ರೂಪಕ್ಕೆ, ಎಂದರೆ ಬಿಡಿ ಸಂಕೇತಗಳು ಕೂಡಿ ಒಂದಾಗುವ ಯುನಿಕೋಡ್ ರೂಪಕ್ಕೆ, ತನ್ನಿ. ಉಳಿದವರು ಕಾಪಿ ಮಾಡಬೇಡಿ, ಹೊಸದಾಗಿ ಟೈಪ್ ಮಾಡಿ. ನಾನು ಈಗಲೂ ಹಾಗೇ ಮಾಡುವುದು.

ತುಳು ಲಿಪಿಯಲ್ಲಿ ವಿಳಾಸ ಬೇಕು ಅಂತ ಇತ್ತೀಚೆಗೆ ಇಬ್ಬರು ಕೇಳಿದರು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ಕ್ಕೆ ಸೇರಿತು, ಸಂತೋಷ. ಆದರೆ ಅಲ್ಲಿ ಅಕ್ಷರಕ್ಕೆ ನಾಲ್ಕು ಬೈಟ್, ಎಂದರೆ ವಿಳಾಸದಲ್ಲಿ ಹನ್ನೆರಡು ಅಕ್ಷರ. ಫಾಂಟ್ ಇಲ್ಲದ ಫೋನಿನಲ್ಲಿ ಬರೀ ಚೌಕ ಕಾಣುತ್ತದೆ. ಸದ್ಯ ವಿಳಾಸಕ್ಕೆ ಬೇಡ.

5. ಸೈಟಿನ ಹೆಸರೇ ಕನ್ನಡದಲ್ಲಿದ್ದರೆ

‘.ಭಾರತ’ ಎಂಬ ಕನ್ನಡದ ಕೊನೆ ಈಗ ಸಿಗುತ್ತದೆ. ಸೈಟಿನ ಹೆಸರಿಗೆ ಶೇಕಡಾ ಪದ್ಧತಿ ನಡೆಯುವುದಿಲ್ಲ, ಪ್ಯೂನಿಕೋಡ್ ಎಂಬ ಬೇರೆ ವಿಧಾನ ಉಂಟು. ‘ಎಕ್ಸ್ಎನ್’ ಮತ್ತು ಎರಡು ಹೈಫನ್‌ನಿಂದ ಶುರುವಾಗುವ ವಿಚಿತ್ರ ಹೆಸರು ಕಂಡರೆ ಅದು ಇದೇ. ಅದನ್ನು ಬ್ರೌಸರಿಗೆ ಬಿಡಿ.

6. ಹಂಚುವಾಗ ವಿಭಕ್ತಿ ಅಂಟಿಸಬೇಡಿ

ಇದು ಕನ್ನಡದವರಿಗೇ ಬರುವ ತೊಂದರೆ. ‘ಉದಾಹರಣೆ.ಇನ್/ಮೇಳದಲ್ಲಿ ನೋಡಿ’ ಅಂತ ಬರೆಯುತ್ತೇವೆ. ವಿಳಾಸದಲ್ಲಿ ಕನ್ನಡ ಇರಬಹುದಾದ್ದರಿಂದ ‘ದಲ್ಲಿ’ ಕೂಡ ಲಿಂಕಿನ ಭಾಗ ಅಂತ ಆ್ಯಪ್ ನುಂಗಿಬಿಡುತ್ತದೆ. ವಿಳಾಸಕ್ಕೆ ಅದರದ್ದೇ ಒಂದು ಸಾಲು ಕೊಡಿ. ಮುಂದೆ ಚುಕ್ಕಿ, ಆವರಣ ಏನೂ ಬೇಡ. ವರ್ಡ್‌ನಲ್ಲಿ ಟೈಪ್ ಮಾಡಿದರೆ ಹೈಫನ್ನು ತಾನಾಗಿ ಉದ್ದ ಗೆರೆಯಾಗಿ ಬದಲಾಗಿರಬಹುದು, ಅದನ್ನೂ ನೋಡಿ.

7. ಅಚ್ಚಿಗೆ ಕೊಡುವ ಮೊದಲು

ಅಚ್ಚಿಗೆ ಹೋಗುವ ವಿಳಾಸ ಮಾತ್ರ ಚಿಕ್ಕದಾಗಿ, ಇಂಗ್ಲಿಷಿನಲ್ಲಿ ಇರಲಿ. ನಿಮ್ಮದೇ ಸೈಟಿನಲ್ಲಿ ಒಂದು ಚಿಕ್ಕ ವಿಳಾಸ ಮಾಡಿ, ಅಲ್ಲಿಂದ ಉದ್ದದ ಕನ್ನಡ ಪುಟಕ್ಕೆ ದಾಟಿಸಿ. ಲಿಂಕ್ ಚಿಕ್ಕದು ಮಾಡಿಕೊಡುವ ಸೇವೆಗಳನ್ನು ನಂಬಬೇಡಿ. ಗೂಗಲ್ ಕೂಡ ತನ್ನ ಅಂಥ ಸೇವೆಯಲ್ಲಿ ಹೊಸ ಲಿಂಕ್ ಮಾಡುವುದನ್ನು 2019ರಲ್ಲಿ ನಿಲ್ಲಿಸಿತು. ಉಚಿತ ‘ಡೈನಾಮಿಕ್ ಕ್ಯೂಆರ್’ (ತಮ್ಮ ಸೈಟಿನ ಮೂಲಕ ದಾಟಿಸುವ ಕೋಡ್) ಕೊಡುವವರದ್ದೂ ಇದೇ ಕಥೆ, ಕೆಲವು ವಾರ ಕಳೆದ ಮೇಲೆ ಹಣ ಕೇಳುವವರು ಇದ್ದಾರೆ.

ಉದ್ದದ ವಿಳಾಸದಿಂದ ಕ್ಯೂಆರ್ ಕೋಡಿಗೂ ಪೆಟ್ಟು. ಅಕ್ಷರ ಹೆಚ್ಚಿದಂತೆ ಚೌಕಗಳು ಒತ್ತೊತ್ತಾಗುತ್ತವೆ, ಚಿಕ್ಕದಾಗಿ ಅಚ್ಚು ಹಾಕಿದರೆ ಕ್ಯಾಮೆರಾಕ್ಕೆ ಹಿಡಿಯುವುದಿಲ್ಲ. ಎರಡು ಸೆಂಟಿಮೀಟರಿಗಿಂತ ಚಿಕ್ಕದು ಬೇಡ. ಪ್ರೆಸ್ಸಿಗೆ ಕಳಿಸುವ ಮುಂಚೆ ಕಾಗದದಲ್ಲೇ ಒಂದು ಪ್ರತಿ ತೆಗೆಯಿರಿ. ಮನೆಯ ಅತಿ ಹಳೇ ಫೋನಿನಲ್ಲಿ, ವೈಫೈ ಆರಿಸಿ, ಸ್ಕ್ಯಾನ್ ಮಾಡಿ. ಲಿಂಕ್ ಮಾಡಿದವರ ಫೋನಿನಲ್ಲಿ ನೋಡಿದರೆ ಪ್ರಯೋಜನವಿಲ್ಲ. ನಮ್ಮ ಸಮಿತಿಯವರು ನೋಡಿದ್ದು ಅಲ್ಲೇ, ಆ ಪಿಡಿಎಫ್ ಅವರ ಫೋನಿನಲ್ಲಿ ಮೊದಲೇ ಡೌನ್‌ಲೋಡ್ ಆಗಿ ಕೂತಿತ್ತು.