ಹಿತ್ತಲಿನ ಪುಟ್ಟ ರೈಲುಹಳಿಗೆ ಮಳೆಗಾಲದ ರಕ್ಷಣೆ

ಹುಬ್ಬಳ್ಳಿ, ಗದಗ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬೆರಳು ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಮಾದರಿ ರೈಲಿನ ಹಳಿ ಒಂದೇ ಮಳೆಗಾಲದಲ್ಲಿ ಡೊಂಕಾಗುತ್ತದೆ. ಆದ್ದರಿಂದ ತುಕ್ಕಿನ ಮಾತಿಗೆ ಮುನ್ನ ತಳಪಾಯದ ಕೆಲಸ ಮುಗಿಯಬೇಕು.

ಹಳಿ ಸಾಗುವ ದಾರಿಯಲ್ಲಿ ಒಂದಡಿ ಅಗಲ, ಮುಕ್ಕಾಲು ಅಡಿ ಆಳಕ್ಕೆ ಎರೆಯನ್ನು ತೆಗೆದು, ಗರಸು ತುಂಬಿ, ನೀರು ಹೊಡೆದು ದಮ್ಮಸು ಮಾಡಿ, ಮೇಲೆ ಎರಡು ಇಂಚು ಸಣ್ಣ ಖಡಿ ಹರಡಬೇಕು. ಉರುಟು ಹರಳು ಬೇಡ. ಚೂಪು ಮೂಲೆಯ ಖಡಿಯೇ ಒಂದನ್ನೊಂದು ಕಚ್ಚಿಕೊಂಡು ಸ್ಲೀಪರುಗಳನ್ನು ಹಿಡಿದಿಡುತ್ತದೆ, ನೀರನ್ನೂ ಇಳಿಯಬಿಡುತ್ತದೆ. ತಳಕ್ಕೆ ಇಳಿಜಾರು ಕೊಡದಿದ್ದರೆ ಎರೆಯ ನಡುವಿನ ಆ ಕಾಲುವೆ ತೊಟ್ಟಿಯಾಗುತ್ತದೆ.

ಹೊರಾಂಗಣದಲ್ಲಿ ಹೆಚ್ಚಾಗಿ ಬಳಸುವ 45 ಮಿ.ಮೀ. ಅಂತರದ ಹಳಿಗಳು ಹಿತ್ತಾಳೆಯಲ್ಲಿ ಸಿಗುತ್ತವೆ. ಹಿತ್ತಾಳೆಗೆ ಹಿಡಿಯುವ ಕಿಲುಬು ತುಕ್ಕಿನಂತೆ ಹಳಿಯನ್ನು ತಿಂದುಹಾಕದಿದ್ದರೂ ಚಕ್ರಕ್ಕೆ ಕರೆಂಟು ತಲುಪಲು ಅಡ್ಡಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ದುಬಾರಿ, ಆದರೆ ಉಜ್ಜುವ ಕೆಲಸ ಕಡಿಮೆ. ಸಾದಾ ಉಕ್ಕಿನ ಹಳಿಯನ್ನು ಹೊರಗೆ ಹಾಸುವುದು ದಂಡ. ಈಗಾಗಲೇ ಹಾಸಿದ್ದರೆ ಪಕ್ಕಗಳಿಗೆ ಸತುವಿನ ಪ್ರೈಮರ್ ಬಳಿದು, ತಲೆಭಾಗವನ್ನು ಎಣ್ಣೆಬಟ್ಟೆಯಿಂದ ಒರೆಸಿಡಬೇಕು. ಓಡಿಸುವ ಮುನ್ನ ಆ ಎಣ್ಣೆಯನ್ನು ತೆಗೆಯದಿದ್ದರೆ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತದೆ.

ತೇವ ಮನೆಮಾಡುವುದು ಹಳಿ ಕೂಡುವ ಜೋಡುಗಳಲ್ಲಿ. ಎರಡು ಹಳಿಗಳ ತುದಿಯನ್ನು ಕೂಡಿಸುವ ಪಟ್ಟಿ, ಅಂದರೆ ಫಿಶ್‌ಪ್ಲೇಟಿನ ಒಳಗೆ ಗ್ರ್ಯಾಫೈಟ್ ಗ್ರೀಸ್ ಸವರಿ, ಸ್ಟೇನ್‌ಲೆಸ್ ಸ್ಕ್ರೂಗಳಿಂದ ಬಿಗಿಯಬೇಕು. ಬೆಸುಗೆ ಹಾಕಿದಲ್ಲಿ, ಬೆಸುಗೆ ಹಿಡಿಯಲು ಹಚ್ಚಿದ ಫ್ಲಕ್ಸನ್ನು ತೊಳೆದು ತೆಗೆಯಬೇಕು. ಎಲ್ಲವನ್ನೂ ಬಿಗಿಯುವುದೂ ತಪ್ಪು. ಡಿಸೆಂಬರಿನ ಬೆಳಗಿಗೂ ಏಪ್ರಿಲಿನ ಮಧ್ಯಾಹ್ನದ ಬಿಸಿಲಿಗೂ ಹಳಿಯ ಬಿಸಿ 40 ಡಿಗ್ರಿಯಷ್ಟು ಏರಿದರೆ, 3 ಮೀಟರ್ ಹಿತ್ತಾಳೆ 2 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಪ್ರತಿ 3 ಮೀಟರಿಗೊಂದು ಜೋಡನ್ನು ಅಷ್ಟು ಸಂದಿ ಬಿಟ್ಟು ಜಾರುವಂತಿಟ್ಟು, ಕರೆಂಟಿಗಾಗಿ ಅದರ ಎರಡೂ ಬದಿಗೆ ಸಡಿಲವಾದ ತಂತಿ ಬೆಸೆಯಬೇಕು.

ಕಿಲುಬು ಕಂಡ ಕೂಡಲೇ ನಮ್ಮ ಮನೆಗಳಲ್ಲಿ ಕೈ ಹೋಗುವುದು ಹುಣಸೆಹಣ್ಣಿಗೆ. ನಾನೂ ಒಮ್ಮೆ ಉಜ್ಜಿದೆ. ಹಳಿ ದೇವರ ಮುಂದಿನ ಸಮೆಯಂತೆ ಹೊಳೆಯಿತು, ವಾರದೊಳಗೆ ಜೋಡುಗಳಲ್ಲಿ ಹಸಿರು ಎದ್ದಿತು. ಬಿಂದಿಗೆಯನ್ನಾದರೆ ತೊಳೆಯಬಹುದು, ಫಿಶ್‌ಪ್ಲೇಟಿನೊಳಗೆ ಉಳಿದ ಹುಳಿಯನ್ನು ತೊಳೆಯಲಾಗದು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಕೊಳೆ ಒರೆಸಿ, ಉಳಿದ ಕಿಲುಬಿಗೆ ಹಸಿರು ಸ್ಕ್ರಬ್ಬರ್ ಬಳಸಿದರೆ ಸಾಕು. ಉಕ್ಕಿನ ನಾರು ಮಾತ್ರ ಬೇಡ, ಅದರ ಎಳೆಗಳು ಮೋಟಾರಿನ ಅಯಸ್ಕಾಂತಕ್ಕೆ ಅಂಟುತ್ತವೆ.

ಮುಂಗಾರಿಗೆ ಮುನ್ನ ಸಂಜೆಯ ಗುಡುಗು ಶುರುವಾದರೆ ಹಳಿಯಿಂದ ಮನೆಯೊಳಗೆ ಬರುವ ತಂತಿಯನ್ನು ಮೊದಲೇ ಕಳಚಿಡಿ.