ಊಟ ಆದ ಮೇಲೆ ಅರ್ಧ ಗಂಟೆ

ಈ ವರ್ಷ ನಾನು ಓದಿದ ಪುಸ್ತಕಗಳು ಕಡಿಮೆ. ಆದರೆ ಓದಿದ್ದನ್ನೆಲ್ಲ ಮನೆಯವರೆಲ್ಲ ಕೂತು, ಗಟ್ಟಿಯಾಗಿ ಓದಿಕೊಂಡೆವು. 2025ರ ಜನವರಿಯಲ್ಲಿ ಶುರು ಮಾಡಿದ್ದು, ಡಿಸೆಂಬರ್ ಬಂದರೂ ನಿಂತಿಲ್ಲ. ನಾವೂ ಹೀಗೆ ಮಾಡಬೇಕು ಅಂತ ಕೆಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನಾವಿರುವುದು ಶಿವಮೊಗ್ಗದಲ್ಲಿ. ಅತ್ತೆ, ಇವರು, ನಾನು, ಎಂಟನೇ ಕ್ಲಾಸಿನ ಮಗ. ಅತ್ತೆ ಮೊದಲಿಂದಲೂ ಪುಸ್ತಕದ ಹುಚ್ಚಿನವರು. ಗ್ಲಾಕೋಮಾ ಬಂದ ಮೇಲೆ ಪೇಪರಿನ ದಪ್ಪ ಅಕ್ಷರ ಬಿಟ್ಟರೆ ಬೇರೇನೂ ಓದಲು ಆಗುತ್ತಿರಲಿಲ್ಲ. ಮಗನಿಗೆ ಇಂಗ್ಲಿಷ್ ಸರಾಗ, ಕನ್ನಡ ಓದುವಾಗ ತಡವರಿಸುತ್ತಿದ್ದ. ಅವನು ಓದಲಿ, ಅಜ್ಜಿ ಕೇಳಲಿ ಅಂತ ಶುರುವಾಗಿದ್ದು ಇದು.

ಊಟ ಮುಗಿದ ಕೂಡಲೇ, ಪಾತ್ರೆ ತೊಳೆಯುವ ಮೊದಲೇ ಕೂರುತ್ತೇವೆ. ಎಲ್ಲ ಕೆಲಸ ಮುಗಿಸಿಕೊಂಡು ಕೂರೋಣ ಅಂದರೆ ಅತ್ತೆಗೆ ನಿದ್ದೆ ಬಂದಿರುತ್ತದೆ, ನನಗೂ ಸುಸ್ತು. ಅರ್ಧ ಗಂಟೆ ಸಾಕು. ಫೋನುಗಳು ಅಡುಗೆಮನೆಯ ಶೆಲ್ಫಿನಲ್ಲಿ. ಪರೀಕ್ಷೆ, ಜ್ವರ, ನೆಂಟರು ಅಂತ ತಪ್ಪಿದ ದಿನಗಳು ಬೇಕಾದಷ್ಟಿವೆ, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಮೊದಲು ಹಿಡಿದದ್ದು ತೇಜಸ್ವಿಯವರ ‘ಕರ್ವಾಲೊ’. ಗಟ್ಟಿಯಾಗಿ ಓದಲು ಮಾತು ಜಾಸ್ತಿ ಇರುವ ಪುಸ್ತಕವೇ ಒಳ್ಳೆಯದು. ಮಂದಣ್ಣನ ಮಾತು ಮಗನಿಗೆ, ಪ್ಯಾರನ ಮಾತು ಇವರಿಗೆ, ಉಳಿದದ್ದು ನನಗೆ. ಪಾಠದ ಪುಸ್ತಕದಲ್ಲಿ ಒತ್ತಕ್ಷರ ಬಂದರೆ ನಿಲ್ಲುತ್ತಿದ್ದ ಹುಡುಗ ಮಂದಣ್ಣನ ಮಾತನ್ನು ಒಂದೇ ಉಸಿರಿಗೆ ಓದತೊಡಗಿದ. ಬಾಯಲ್ಲಿ ಆಡುವ ಕನ್ನಡವೇ ಅಲ್ವಾ ಅದು.

ಹಾರುವ ಓತಿಯ ಸುದ್ದಿ ಬಂದಾಗ ಅತ್ತೆ, “ಅದೇನು ಮಹಾ, ನಮ್ಮ ತೋಟದಲ್ಲೇ ಇತ್ತಲ್ಲ ಪುಟ್ಟ” ಅಂದರು. ಮಗ ನಂಬಲಿಲ್ಲ. ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿ ಹತ್ತಿರದ ಅವರ ತವರುಮನೆಗೆ ಹೋದಾಗ ಅಜ್ಜಿಯನ್ನೇ ಕರೆದುಕೊಂಡು ಅಡಿಕೆ ತೋಟಕ್ಕಿಳಿದ. ತುಂಬಾ ಹೊತ್ತು ಕಾದ ಮೇಲೆ ಸಿಕ್ಕಿತು. ಮರದ ತೊಗಟೆಯದೇ ಬಣ್ಣ, ಅಲ್ಲಾಡದಿದ್ದರೆ ಗೊತ್ತೇ ಆಗುವುದಿಲ್ಲ. ಗಂಟಲ ಕೆಳಗಿನ ಹಳದಿ ಚರ್ಮವನ್ನು ಚಾಚಿತು, ಒಳಗೆಳೆದುಕೊಂಡಿತು, ಮತ್ತೆ ಚಾಚಿತು. ಆಮೇಲೆ ಪಕ್ಕೆಲುಬು ಬಿಚ್ಚಿ ಆಚೆ ಮರಕ್ಕೆ ತೇಲಿಹೋಯಿತು. ಕಣ್ಣು ಮಂಜಾದ ಅತ್ತೆಗೆ ಅದು ಕಾಣಿಸಿರಲಾರದು. ಮಗ ಅವರ ಕೈ ಹಿಡಿದುಕೊಂಡು, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬೆರಳು ತೋರಿಸಿ ವಿವರಿಸುತ್ತಿದ್ದ. ಈ ವರ್ಷದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಗಳಿಗೆ ಅದು.

ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ, ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಸಂಭ್ರಮದಲ್ಲಿ ‘ಎದೆಯ ಹಣತೆ’ ಕಥೆ ಓದಿದೆವು. ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ತಡೆಯುವಲ್ಲಿ ನನ್ನ ಗಂಟಲು ಕಟ್ಟಿತು. ಉಳಿದದ್ದನ್ನು ಇವರು ಓದಿದರು. ಅವತ್ತು ಮಗ ಮಲಗಿದ ಮೇಲೂ ಅತ್ತೆ, ನಾನು ಮಾತಾಡುತ್ತಲೇ ಇದ್ದೆವು. ತವರಿಗೆ ಬಂದ ಹೆಣ್ಣುಮಕ್ಕಳನ್ನು ಸಮಾಧಾನ ಹೇಳಿ ವಾಪಸ್ ಕಳಿಸುತ್ತಿದ್ದ ಕಾಲ ಅವರದು. ಅದನ್ನೆಲ್ಲ ಅವರು ನನ್ನೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮಳೆಗಾಲ ಪೂರ್ತಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಕಾದಂಬರಿ, ಕಥೆ ನಡೆಯುವುದು 1893ರ ಸುಮಾರಿಗೆ. ಜನ ತುಂಬಾ, ಮನೆಗಳೂ ತುಂಬಾ. ಕೇಳಿಸಿಕೊಳ್ಳುವವರಿಗೆ ಹಿಂದಿನ ಪುಟ ತಿರುವಿ ನೋಡುವ ಸೌಕರ್ಯ ಇಲ್ಲವಲ್ಲ. ಅದಕ್ಕೆ ಹಳೇ ಕ್ಯಾಲೆಂಡರಿನ ಹಿಂದೆ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಮೇಗರವಳ್ಳಿ ಅಂತ ಬರೆದು, ಅಲ್ಲಲ್ಲಿಯ ಜನರ ಹೆಸರು ಸೇರಿಸುತ್ತಾ ಹೋದೆವು. ಓದು ಶುರುವಾಗುವ ಮೊದಲು ನಿನ್ನೆ ಏನಾಯಿತು ಅಂತ ಒಬ್ಬರು ಹೇಳಬೇಕು. ದೊಡ್ಡ ಕಾದಂಬರಿ ಹಿಡಿಯುವವರಿಗೆ ಈ ಎರಡೂ ಕೆಲಸಕ್ಕೆ ಬರುತ್ತವೆ.

ಇಲ್ಲಿ ಅತ್ತೆಯೇ ನಮಗೆ ಮೇಷ್ಟರು. ಮಳೆಗೆ ತಲೆ, ಬೆನ್ನು ಮುಚ್ಚುವಂತೆ ಹಾಕಿಕೊಳ್ಳುವ ಗೊರಬಿನ ಮಾತು ಬಂದರೆ ಬಿದಿರಿನ ಸಲಾಕೆಯ ನಡುವೆ ಎಲೆ ಹೇಗೆ ಜೋಡಿಸುತ್ತಿದ್ದರು ಅಂತ ಕೈಯಲ್ಲೇ ತೋರಿಸಿದರು. ಇಂಬಳ, ಅಂದರೆ ಜಿಗಣೆ, ಹತ್ತಿದರೆ ಸುಣ್ಣ ಹಚ್ಚಿ ಬಿಡಿಸುತ್ತಿದ್ದದ್ದು, ಹೊಳೆ ತುಂಬಿ ದೋಣಿ ನಿಂತಾಗ ಈಚೆ ದಡದ ನೆಂಟರ ಮನೆಯಲ್ಲಿ ಉಳಿದುಕೊಂಡದ್ದು, ಎಲ್ಲ ಬಂತು. ಕೆಲವು ರಾತ್ರಿ ಎರಡು ಪುಟವೂ ದಾಟಲಿಲ್ಲ. ನಾನು ಪುಟದ ನಡುವೆ ಬೆರಳಿಟ್ಟುಕೊಂಡು ಸುಮ್ನೆ ಕೇಳುತ್ತಿದ್ದೆ. ನಾನು ಕಲಿತದ್ದರಲ್ಲಿ ಒಂದನ್ನೇ ಹೇಳು ಅಂದರೆ ಇದನ್ನೇ ಹೇಳುತ್ತೇನೆ: ನಡುವೆ ಯಾರಾದರೂ ಮಾತು ತೆಗೆದರೆ ಪುಸ್ತಕ ಕಾಯಲಿ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಸಂಗತಿಗಳು ನನಗೆ ಗೊತ್ತಿರಲಿಲ್ಲ. ಕಥೆ ಹೇಳಿ ಅತ್ತೆ ಅಂತ ಸುಮ್ಮನೆ ಕೇಳಿದ್ದರೆ ಅವರಿಗೂ ನೆನಪಾಗುತ್ತಿರಲಿಲ್ಲವೇನೋ.

ಕಾದಂಬರಿಯ ಕೊನೆಯಲ್ಲಿ ಗುತ್ತಿ ಅನ್ನುವವನ ‘ಹುಲಿಯ’ ಅನ್ನುವ ನಾಯಿ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಅವತ್ತು ಓದುತ್ತಿದ್ದದ್ದು ಇವರು. ಮಗ ಪುಸ್ತಕ ಕಿತ್ತುಕೊಂಡು ಉಳಿದ ಪುಟಗಳಲ್ಲಿ ಹುಲಿಯನ ಹೆಸರು ಹುಡುಕಿದ. ಮಾರನೇ ದಿನ ನಾವ್ಯಾರೂ ಪುಸ್ತಕ ಮುಟ್ಟಲಿಲ್ಲ.

ನವರಾತ್ರಿಯ ಹೊತ್ತಿಗೆ ಕುಮಾರವ್ಯಾಸನ ವಿರಾಟಪರ್ವ. ಮಳೆ ಕೈಕೊಟ್ಟ ವರ್ಷ ಊರುಗಳಲ್ಲಿ ಇದನ್ನು ಓದಿಸುತ್ತಿದ್ದರಂತೆ. ಗದ್ಯ ಓದಿದ ಹಾಗೆ ಓದಿದರೆ ಭಾಮಿನಿ ಷಟ್ಪದಿ ಏಳುವುದೇ ಇಲ್ಲ. ತೊಡೆಯ ಮೇಲೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ ತಟ್ಟುತ್ತಾ ಓದಬೇಕು. ಹೊಸಹಳ್ಳಿಯ ಕೇಶವಮೂರ್ತಿಗಳ ಗಮಕ ವಾಚನದ ರೆಕಾರ್ಡಿಂಗ್ ಕೇಳಿಸಿಕೊಂಡು, ಅದೇ ಪದ್ಯವನ್ನು ನಾವು ಓದಿ ನೋಡಿದೆವು. ಹೊಸಹಳ್ಳಿ ನಮ್ಮೂರಿನ ಪಕ್ಕದಲ್ಲೇ, ತುಂಗೆಯ ದಡದಲ್ಲಿದೆ. ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ರಾಗ ನಮಗೆ ಬರುವುದಿಲ್ಲ, ಆದರೆ ಪದ ಎಲ್ಲಿ ಬಿಡಿಸಬೇಕು ಅನ್ನುವುದು ಅವರನ್ನು ಕೇಳಿಯೇ ತಿಳಿಯಿತು. ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚಿಕೊಂಡು, ಕೌರವರ ಸೈನ್ಯ ಕಂಡದ್ದೇ ರಥದಿಂದ ಧುಮುಕಿ ಓಡುತ್ತಾನಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಮಗನಿಗೆ ತಟ್ಟುವ ಲೆಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಹತ್ತಿತ್ತು. ಅತ್ತೆಗೆ ಎಷ್ಟೋ ಪದ್ಯ ಬಾಯಿಪಾಠ. ಅವನು ಒಂದು ಸಾಲು ಓದಿದರೆ ಮುಂದಿನದನ್ನು ಅವರೇ ಹೇಳುತ್ತಿದ್ದರು.

ಜನವರಿಗೆ ಏನು ಅನ್ನುವ ಚರ್ಚೆ ಈಗ ನಡೆದಿದೆ. ಇವರಿಗೆ ಕಾರಂತರ ‘ಮರಳಿ ಮಣ್ಣಿಗೆ’ ಆಗಬೇಕು. ಮಗ ಕರ್ಣಪರ್ವ ಅನ್ನುತ್ತಿದ್ದಾನೆ. ಅತ್ತೆ ಮೊಮ್ಮಗನ ಕಡೆ. ನಾನು ಎರಡನ್ನೂ ತಂದಿಟ್ಟಿದ್ದೇನೆ.